ಐವಿಎಫ್ ಆದಮ್ಯಾಲ ಉಳಿದ ಭ್ರೂಣ ಸ್ಟೆಮ್ ಸೆಲ್ ರಿಸರ್ಚಿಗೆ ಕೊಡಬೇಕೋ ಬ್ಯಾಡೋ: ಸಹಿ ಹಾಕೂಕಿಂತ ಮೊದಲ ಹೆಂಗ ವಿಚಾರ ಮಾಡೂದು

ಜಮಖಂಡಿ, ಇಂಡಿ, ಮುಧೋಳ ಕಡಿಂದ ಐವಿಎಫ್ (ಲ್ಯಾಬಿನ್ಯಾಗ ಭ್ರೂಣ ಮಾಡಿ ಗರ್ಭಕ್ಕ ಹಾಕೂ ಚಿಕಿತ್ಸೆ) ಸಲುವಾಗಿ ಬೆಳಗಾವಿಗೆ ಬರೂ ಮಂದಿ ಭಾಳ ಅದಾರ. ಇಂಜೆಕ್ಷನ್ ಎಷ್ಟು, ರೊಕ್ಕ ಎಷ್ಟು ಅಂತ ಎಲ್ಲಾರೂ ಕೇಳ್ತಾರ, ಆದ್ರ ಫ್ರೀಜ್ ಮಾಡಿಟ್ಟು ಉಳಿದ ಭ್ರೂಣ ಮುಂದ ಏನ್ ಮಾಡೂದು ಅನ್ನೂ ಪ್ರಶ್ನೆ ಯಾರೂ ಎತ್ತೂದಿಲ್ಲ, ಒಪ್ಪಿಗಿ ಫಾರ್ಮಿನ್ಯಾಗ ರಿಸರ್ಚಿಗೆ ಕೊಡ್ತೀವಿ ಅಂತ ಒಂದ್ ಸಾಲು ಇರ್ತೈತಿ ಅಷ್ಟ.

ಮೊದಲನೇ ಮಾತು, ಎಗ್ ಪಿಕಪ್ (ಹೆಣ್ಮಗಳ ಅಂಡಾಣು ಹೊರಗ ತಗಿಯೂದು) ದಿನ ಈ ಸಾಲಿಗೆ ಸಹಿ ಹಾಕಬ್ಯಾಡ್ರಿ. ನಮ್ಮ ಕಾಕಾನ ಮಗಳಿಗೆ ಮುಂಜಾನೆ ಹಸಿದ ಹೊಟ್ಟಿಲೆ ಹಸಿರು ಗೌನ್ ಹಾಕ್ಕೊಂಡು ಕುಂತಾಗ ರಟ್ಟಿಗೆ ಕ್ಲಿಪ್ ಹಾಕಿದ ಫಾರ್ಮ್ ಕೊಟ್ರು, ಪೆನ್ಸಿಲ್‌ಲೆ ಇಂಟು ಮಾರ್ಕ್ ಮಾಡಿದಲ್ಲೆಲ್ಲಾ ಸಹಿ ಮಾಡವ್ವಾ ಅಂದ್ರು, ಕೈಯಾಗ ಸಲೈನ್ ಸೂಜಿ ಇತ್ತು, ಇಂಗ್ಲಿಷಿನ್ಯಾಗ ಏನ್ ಬರದೈತಿ ಅಂತ ಆಕಿಗೆ ಯಾರೂ ಹೇಳ್ಲಿಲ್ಲ. ಇದಕ್ಕ ಒಪ್ಪಿಗಿ ಅನ್ನಾಕ ಬರೂದಿಲ್ಲ. ಹಿಂದಿನ ವಿಸಿಟಿನ್ಯಾಗ ಫಾರ್ಮ್ ಇಸ್ಕೊಂಡು ಮನಿಗೆ ಒಯ್ಯಿರಿ, ಕನ್ನಡದಾಗ ಇಲ್ಲಾ ಮರಾಠಿಯಾಗ ಕೂತು ತಿಳಿಸಿ ಹೇಳ್ರಿ ಅಂತ ಕೇಳ್ರಿ, ಕೇಳೂದು ನಿಮ್ಮ ಹಕ್ಕು.

ಮನ್ಯಾಗ ಮಾತಾಡೂಕಿಂತ ಮೊದಲ ರಿಸರ್ಚ್ ಅಂದ್ರ ಏನು ಅಂತ ತಿಳ್ಕೋರಿ. ಐದಾರು ದಿನದ ಭ್ರೂಣಕ್ಕ ಬ್ಲಾಸ್ಟೋಸಿಸ್ಟ್ ಅಂತಾರ, ಗಸಗಸಿ ಕಾಳಿಗಿಂತ ಭಾಳ ಸಣ್ಣದು, ಅದರಾಗ ಸುಮಾರು 100-200 ಜೀವಕೋಶ ಇರ್ತಾವು. ಒಳಗಿನ ಗುಂಪಿನ ಕೋಶ ತಗದು ಬೆಳಸಿದ್ರ ಅವು ಮೆದುಳಿನ ಕೋಶ, ಹೃದಯದ ಕೋಶ, ಏನ್ ಬೇಕಾದ್ರೂ ಆಗಬಲ್ಲವು, ಅದಕ್ಕ ಸ್ಟೆಮ್ ಸೆಲ್ ಅಂತಾರ. 1998ರಾಗ ಅಮೆರಿಕಾದ ವಿಸ್ಕಾನ್ಸಿನ್‌ದಾಗ ಜೇಮ್ಸ್ ಥಾಮ್ಸನ್ ಮತ್ತ ಅವರ ತಂಡ ಮನುಷ್ಯರ ಭ್ರೂಣದಿಂದ ಮೊದಲ ಸಲ ಹಿಂಗ ಮಾಡಿದ್ರು, ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರು ಸೆಂಟರಿನ್ಯಾಗೂ ಇಂಥ ಸೆಲ್ ಲೈನ್ (ಲ್ಯಾಬಿನ್ಯಾಗ ಬೆಳಸ್ಕೋತ ಇಡೂ ಕೋಶ) ತಯಾರಾಗ್ಯಾವು. ಆದ್ರ ಒಂದ್ ಮಾತು ನೇರ ಹೇಳಬೇಕು, ಕೋಶ ತಗದ್ರ ಆ ಭ್ರೂಣ ಮುಗೀತು. ಇದನ್ನ ಮೆತ್ತಗ ಮಾಡಿ ಹೇಳೂ ಕ್ಲಿನಿಕ್ ಇದ್ರ ಎರಡನೇ ಸಲ ಕೇಳ್ರಿ.

ಇಲ್ಲಿ ಮನಿ ಮಂದಿ ಒಬ್ಬೊಬ್ಬರು ಒಂದೊಂದು ಹೇಳ್ತಾರ. ನಮ್ಮ ಓಣಿಯ ಜೈನ ಮನಿಯವರು ಗರ್ಭ ನಿಂತಾಗಿಂದ ಜೀವ ಐತಿ ಅಂತಾರ, ಕ್ಯಾಥೊಲಿಕ್ ಚರ್ಚಿಂದೂ ಅದ ನಿಲುವು, ಭಾಳಷ್ಟು ಇಸ್ಲಾಂ ಪಂಡಿತರು 120 ದಿನಕ್ಕ ರೂಹ್ (ಆತ್ಮ) ಬರ್ತೈತಿ ಅಂತಾರ. ಲ್ಯಾಬಿನ್ಯಾಗ ಭ್ರೂಣ ಬೆಳಸಾಕ ವಿಜ್ಞಾನದವರ ಮಿತಿ 14 ದಿನ, ಬ್ರಿಟನ್ನಿನ ವಾರ್ನಾಕ್ ಕಮಿಟಿ 1984ರಾಗ ಹೇಳಿದ್ದು, ಯಾಕಂದ್ರ ಸುಮಾರು ಆವಾಗ ಭ್ರೂಣದಾಗ ಮೊದಲನೇ ಗೆರಿ (ದೇಹದ ರಚನೆ ಶುರು ಆಗೂ ಗುರುತು) ಮೂಡ್ತೈತಿ, ಅದಾದಮ್ಯಾಲ ಸಾಮಾನ್ಯವಾಗಿ ಅದು ಒಡದು ಅವಳಿ ಆಗೂದಿಲ್ಲ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಗೈಡ್‌ಲೈನ್ ಪ್ರಕಾರನೂ 14 ದಿನಕ್ಕಿಂತ ಹೆಚ್ಚ ಬೆಳಸೂಹಂಗಿಲ್ಲ. ಇವರಾಗ ಯಾರದು ಖರೆ ಅಂತ ಅತ್ತಿ ಮಾವನ ಮುಂದ ವಾದ ಮಾಡಬ್ಯಾಡ್ರಿ, ಗಂಡ ಹೆಂಡ್ತಿ ಇಬ್ಬರ ಕೂತು ನಮ್ಮ ಮನಸ್ಸು ಎಲ್ಲಿ ನಿಲ್ತೈತಿ ಅಂತ ನೋಡ್ರಿ. ಅದರಾಗೂ ಹೆಣ್ಮಗಳ ಮಾತು ಮೊದಲ ಕೇಳ್ರಿ, ಸೂಜಿ ಚುಚ್ಚಿಸ್ಕೊಂಡಾಕಿ ಆಕಿ.

ಹೆಂಗೂ ಚೆಲ್ಲೂದ ಐತಲ್ಲ, ಕೊಟ್ರ ಯಾರಿಗರ ಉಪಯೋಗ ಆಗ್ಲಿ ಅಂತ ಮಂದಿ ಹೇಳ್ತಾರ. ನಾನೂ ಕೊಡೂದ ಛಲೋ ಅಂತೀನಿ, ಆದ್ರ ಈ ವಾದ ಅರ್ಧಾನ ಐತಿ, ಯಾಕಂದ್ರ ಎಷ್ಟು ಭ್ರೂಣ ಉಳೀತಾವು ಅನ್ನೂದು ಎಷ್ಟು ಎಗ್ ಫರ್ಟಿಲೈಜ್ ಮಾಡ್ತಾರ ಅನ್ನೂದ್ರಮ್ಯಾಲ ಭಾಳ ಐತಿ. ಹಂಗಾಗಿ ಆ ಪ್ರಶ್ನೆ ಮೊದಲ ಕೇಳ್ರಿ, ಟ್ರೀಟ್‌ಮೆಂಟಿಗೆ ಬೇಕಾದಷ್ಟ ಮಾಡ್ರಿ, ರಿಸರ್ಚ್ ಸಲುವಾಗಿ ಹೆಚ್ಚಿಗಿ ಬ್ಯಾಡ ಅಂತ ಹೇಳ್ರಿ. ಕೊರಿಯಾದ ಸ್ಟೆಮ್ ಸೆಲ್ ವಿಜ್ಞಾನಿ ಹ್ವಾಂಗ್ ವೂ-ಸುಕ್ ಪ್ರಕರಣದಾಗ ಅವನ ಲ್ಯಾಬಿನ ಕಿರಿಯ ಹೆಣ್ಮಕ್ಕಳ ತಮ್ಮ ಎಗ್ ಕೊಟ್ಟಿದ್ರು ಅಂತ ಹೊರಗ ಬಂತು, ಡಾಟಾ ಸುಳ್ಳು ಅಂತ 2006ರಾಗ ಪೇಪರ್ ವಾಪಸ್ ಆದವು. ಮ್ಯಾಲಿನವರು ಕೇಳಿದಾಗ ಇಲ್ಲ ಅನ್ನೂದು ಕಷ್ಟ, ಅದಕ್ಕ ನಿಮಗ ಟ್ರೀಟ್‌ಮೆಂಟ್ ಕೊಡೂ ಡಾಕ್ಟರ್ ಬಿಟ್ಟು ಬ್ಯಾರೇದವರು ಬಂದು ಒಪ್ಪಿಗಿ ಕೇಳ್ಲಿ ಅನ್ರಿ. ಇಲ್ಲ ಅಂದ್ರ ಟ್ರೀಟ್‌ಮೆಂಟಿನ್ಯಾಗ ಏನರ ಫರಕ್ ಆಗ್ತೈತೇನು ಅಂತ ಬಾಯಿಬಿಟ್ಟು ಕೇಳ್ರಿ.

ಕಾಯ್ದೆ ಗೊತ್ತಿದ್ರ ಧೈರ್ಯ ಬರ್ತೈತಿ. ಐವಿಎಫ್‌ನಂಥ ಚಿಕಿತ್ಸೆ ಸಲುವಾಗಿ ಇರೂ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಭ್ರೂಣ ಹತ್ತು ವರ್ಷಕ್ಕಿಂತ ಹೆಚ್ಚ ಇಡೂಹಂಗಿಲ್ಲ, ಆಮ್ಯಾಲ ಹಂಗ ನಾಶ ಆಗಾಕ ಬಿಡಬೇಕು ಇಲ್ಲಾ ನಿಮ್ಮ ಒಪ್ಪಿಗಿಲೆ ಕಾಯ್ದೆ ಕೆಳಗ ರಿಜಿಸ್ಟರ್ ಆದ ರಿಸರ್ಚ್ ಸಂಸ್ಥೆಗೆ ಕೊಡಬೇಕು. ಮಾರೂದು ಗುನ್ನೆ, ರಿಸರ್ಚಿಗಂತ ದೇಶದ ಹೊರಗ ಕಳಸೂದೂ ನಿಷೇಧ. ಹಂಗಾಗಿ ಫಾರ್ಮಿನ್ಯಾಗ ಬರೇ ರಿಸರ್ಚ್ ಅಂತ ಇದ್ರ ಸಾಲೂದಿಲ್ಲ, ಯಾವ ಸಂಸ್ಥೆ, ರಿಜಿಸ್ಟ್ರೇಷನ್ ಐತೇನು, ಎಥಿಕ್ಸ್ ಕಮಿಟಿ (ರಿಸರ್ಚ್ ನ್ಯಾಯಬದ್ಧ ಐತೇನು ಅಂತ ನೋಡೂ ಸಮಿತಿ) ಒಪ್ಪೈತೇನು, ನಮ್ಮ ಹೆಸರು ಗುಪ್ತ ಇರ್ತೈತೇನು, ಮುಂದ ಔಷಧ ಆಗಿ ಲಾಭ ಬಂದ್ರ ನಮಗೇನೂ ಬರೂದಿಲ್ಲ ಹೌದಲ್ಲೋ, ಯಾವ ಹಂತದ ತನಕ ಒಪ್ಪಿಗಿ ವಾಪಸ್ ತಗೋಬಹುದು, ಇವಕ್ಕ ಬರದು ಉತ್ತರ ಇಸ್ಕೋರಿ. ಹೇಳೂಹಂಗಿಲ್ಲ ಅಂದ್ರ ಆ ಸಾಲು ಹೊಡದ ಹಾಕಿ ಉಳಿದದ್ದಕ್ಕ ಸಹಿ ಮಾಡ್ರಿ.

ಜಪಾನಿನ ವಿಜ್ಞಾನಿ ಯಮನಾಕಾ 2006ರಾಗ ಇಲಿ ಚರ್ಮದ ಕೋಶಾನ ಸ್ಟೆಮ್ ಸೆಲ್ ಮಾಡಿ ತೋರ್ಸಿದ್ರು, ಮರುವರ್ಷ ಮನುಷ್ಯರದೂ ಆತು, 2012ರಾಗ ನೊಬೆಲ್ ಬಂತು. ಹಂಗಾದ್ರ ಭ್ರೂಣ ಯಾಕ ಬೇಕು ಅಂತ ನೀವು ಕೇಳಬಹುದು. ಆ ಕೋಶ ಖರೇನ ಸರಿ ಅದಾವೋ ಇಲ್ಲೋ ಅಂತ ತಾಳೆ ನೋಡಾಕ ಭ್ರೂಣದ ಕೋಶ ಬೇಕಾಗ್ತಾವು, ಭ್ರೂಣ ಮೊದಲ ದಿನಗಳಾಗ ಹೆಂಗ ಬೆಳೀತೈತಿ ಅಂತ ತಿಳಿಯಾಕೂ ಬೇಕು.

ಮತ್ತ, ಭ್ರೂಣ ಕೊಟ್ರ ನಿಮ್ಮ ಮನಿಯವರ ಮಣಕಾಲಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕಡಿಮಿ ರೇಟಿಗೆ ಕೊಡ್ತೀವಿ ಅಂತ ಯಾರರ ಅಂದ್ರ ಅಲ್ಲಿಂದ ಎದ್ದು ಬರ್ರಿ. ಆ 2017ರ ಗೈಡ್‌ಲೈನ್ ಪ್ರಕಾರ ರಕ್ತದ ರೋಗಕ್ಕ ಮಾಡೂ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಅಂಥದ್ದು ಬಿಟ್ರ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆ ಬರೇ ಕ್ಲಿನಿಕಲ್ ಟ್ರಯಲ್‌ನ್ಯಾಗ (ಚಿಕಿತ್ಸೆ ಪರೀಕ್ಷೆ ಮಾಡೂ ಹಂತದಾಗ) ಮಾಡಬೇಕು.

ಕಡೀಕ ಸಹಿ ಆದ ಫಾರ್ಮಿನ ಝೆರಾಕ್ಸ್ ತಗೊಂಡ ಹೊರಗ ಬರ್ರಿ, ಫ್ರೀಜ್ ಮಾಡಿದ ತಾರೀಖು ಅದರಮ್ಯಾಲ ಬರೀರಿ, ಫೋನ್ ನಂಬರೋ ಊರೋ ಬದಲಾದ್ರ ಕ್ಲಿನಿಕ್ಕಿಗೆ ಬರದ ಕೊಡ್ರಿ, ಇಲ್ಲಂದ್ರ ಹತ್ತು ವರ್ಷ ತುಂಬಿದಾಗ ಅವರು ನಿಮ್ಮನ್ನ ಎಲ್ಲಿ ಹುಡುಕ್ತಾರ.