ಎಕ್ಸೆಲ್ ಹಾಳೆಯ ಹಳದಿ ಸಾಲುಗಳು

"ನಿಮಗೆ ಏನೇನು ಬೇಕು?" ಎಂದು ಕೇಳಿ ನಾನು ಯಾವ ತಂತ್ರಾಂಶ ಯೋಜನೆಯನ್ನೂ ಆರಂಭಿಸುವುದಿಲ್ಲ. ಹಾಗೆ ಕೇಳಿದರೆ ಬಟನ್‌ಗಳ, ವರದಿಗಳ ಪಟ್ಟಿ ಕೈಗೆ ಬರುತ್ತದೆ. ಕೆಲಸ ಹೇಗೆ ಸಾಗುತ್ತದೆ ಎಂಬುದು ಅದರಲ್ಲಿ ಇರುವುದೇ ಇಲ್ಲ.

ಮೊದಲು ಬೋರ್ಡಿನ ಮೇಲೆ ಕಾಂಟೆಕ್ಸ್ಟ್ ಡಯಾಗ್ರಾಮ್ ಬರೆಯುತ್ತೇನೆ. ನಡುವೆ ಒಂದೇ ವೃತ್ತ, ಅದು ನಾವು ಕಟ್ಟಲಿರುವ ತಂತ್ರಾಂಶ. ಸುತ್ತ ಅದರೊಂದಿಗೆ ವ್ಯವಹರಿಸುವ ಜನ, ವಿಭಾಗಗಳು, ಬೇರೆ ತಂತ್ರಾಂಶಗಳು. ಬಾಣಗಳ ಮೇಲೆ ಹೋಗಿಬರುವ ಮಾಹಿತಿಯ ಹೆಸರು. ವೃತ್ತದ ಒಳಗಿನ ಚರ್ಚೆಗೆ ಆ ದಿನ ಅವಕಾಶವಿಲ್ಲ. ಬರೆಯುತ್ತಿದ್ದಂತೆ ಯಾರಾದರೂ, "ಆಡಿಟರ್‌ಗೆ ತಿಂಗಳ ಕೊನೆಗೆ ಒಂದು ಫೈಲ್ ಕಳುಹಿಸುತ್ತೇವಲ್ಲ, ಅದೆಲ್ಲಿ?" ಎನ್ನುತ್ತಾರೆ. ಅಂಥ ಒಂದು ಬಾಣ ಸಿಕ್ಕರೂ ಸಭೆ ಸಾರ್ಥಕ.

ಸಂಬಂಧಪಟ್ಟವರನ್ನು ಅಧಿಕಾರ, ಆಸಕ್ತಿಗಳ ನಾಲ್ಕು ಚೌಕಗಳಲ್ಲಿ ಹಂಚುವ ಕೆಲಸವನ್ನೂ ಮಾಡುತ್ತೇನೆ, ಆದರೆ ನನ್ನ ನೋಟ್‌ಬುಕ್ಕಿನಲ್ಲಷ್ಟೇ. 'ಅಧಿಕಾರ ಕಡಿಮೆ' ಎಂಬ ಚೌಕದಲ್ಲಿ ತಮ್ಮ ಹೆಸರು ಕಂಡವರು ಆಮೇಲೆ ಮನಬಿಚ್ಚಿ ಮಾತನಾಡುವುದಿಲ್ಲ.

ನಿಜವಾದ ಸರಕು ಸಿಗುವುದು ಕೆಲಸ ಮಾಡುವವರ ಪಕ್ಕದಲ್ಲಿ ಕುಳಿತಾಗ. ಮಾರಿದ ವಸ್ತುಗಳ ವಾಪಸಾತಿ ಮತ್ತು ಮರುಪಾವತಿಗೆ ತಂತ್ರಾಂಶ ಬೇಕಿದ್ದ ಒಂದು ಕಡೆ, ಅಲ್ಲಿನ ಸಿಬ್ಬಂದಿ ತಮ್ಮ ಎಕ್ಸೆಲ್ ಹಾಳೆ ತೆರೆದು ತೋರಿಸಿದರು. ಅಲ್ಲಲ್ಲಿ ಸಾಲುಗಳಿಗೆ ಹಳದಿ ಬಣ್ಣ.

"ಇವು ಯಾಕೆ ಹೀಗಿವೆ, ಮೇಡಂ?"

"ಅವು ಮ್ಯಾನೇಜರನ್ನು ಕೇಳಿಯೇ ಹಣ ಕೊಡಬೇಕಾದವು, ಸರ್."

ಅನುಮೋದನೆಯ ಒಂದು ಇಡೀ ಹಂತ ಬಣ್ಣದಲ್ಲಿ ಅಡಗಿ ಕುಳಿತಿತ್ತು. ನಮಗೆ ಕೊಟ್ಟಿದ್ದ ದಪ್ಪನೆಯ ಕೈಪಿಡಿಯಲ್ಲಿ ಅದರ ಸುಳಿವೂ ಇರಲಿಲ್ಲ.

ಯಾವಾಗ ಕೇಳಬೇಕು, ಯಾವಾಗ ಬೇಡ ಎಂಬುದನ್ನು ಬಿಡಿಸಲು ಡಿಸಿಷನ್ ಟೇಬಲ್ ಹಾಕಿದೆ, ಅಂದರೆ ಷರತ್ತುಗಳ ಪ್ರತಿ ಜೋಡಣೆಗೂ ಒಂದು ಸಾಲು, ಆಗ ಏನು ಮಾಡಬೇಕು ಎಂಬ ತೀರ್ಮಾನ ಇರುವ ಕೋಷ್ಟಕ. ವಸ್ತು ಗಡುವಿನೊಳಗೆ ಬಂದಿದೆಯೇ, ಹಾಳಾಗಿದೆಯೇ, ಗ್ರಾಹಕರಿಂದ ಹಣ ಮೊದಲೇ ಸಂದಾಯವಾಗಿತ್ತೇ: ಹೌದು ಅಥವಾ ಇಲ್ಲ ಎಂಬ ಉತ್ತರಗಳ ಮೂರು ಷರತ್ತು, ಒಟ್ಟು 8 ಸಾಲು. ಆರಂಭದ ಸಾಲುಗಳಿಗೆ ಥಟ್ಟನೆ ಉತ್ತರ ಬಂತು. ಗಡುವು ಮೀರಿದೆ, ವಸ್ತು ಹಾಳಾಗಿದೆ, ಹಣ ಸಂದಿದೆ ಎಂಬ ಸಾಲಿಗೆ ಬಂದಾಗ ಹಣಕಾಸು ವಿಭಾಗದವರು "ಕೊಡುವಂತಿಲ್ಲ" ಎಂದರು, ಗ್ರಾಹಕ ಸೇವೆಯವರು "ಸಾಗಣೆಯಲ್ಲಿ ಒಡೆದಿದ್ದರೆ ಕೊಡಲೇಬೇಕು" ಎಂದರು. ಸಾಗಣೆಯಲ್ಲಿ ಒಡೆದಿದೆಯೇ ಎಂಬ ನಾಲ್ಕನೆಯ ಷರತ್ತು ಹುಟ್ಟಿಕೊಂಡದ್ದು ಹೀಗೆ. ಲೆಕ್ಕಕ್ಕೆ 16 ಆಗಬೇಕಿದ್ದ ಸಾಲುಗಳು 12ಕ್ಕೆ ನಿಂತವು. ಹಾಳಾಗದ ವಸ್ತು ಎಲ್ಲಿ ಒಡೆಯಿತು ಎಂದು ಕೇಳುವ ಹಾಗಿಲ್ಲವಲ್ಲ. ಈ ಜಗಳ ಆಗ ಆಗದಿದ್ದರೆ ಕೋಡ್ ಬರೆಯುವವರು ತಮಗೆ ತೋಚಿದಂತೆ ತೀರ್ಪು ಕೊಟ್ಟುಬಿಡುತ್ತಿದ್ದರು.

ಯಾವುದನ್ನು ಮೊದಲು ಕಟ್ಟಬೇಕು ಎಂಬ ಆದ್ಯತೆಗೆ ಮಾಸ್ಕೋ (MoSCoW) ವಿಧಾನ ಬಳಸುತ್ತೇನೆ: ಮಸ್ಟ್ (ಇರಲೇಬೇಕು), ಶುಡ್ (ಇರಬೇಕು), ಕುಡ್ (ಇದ್ದರೆ ಒಳ್ಳೆಯದು), ವೋಂಟ್ (ಈ ಸಲ ಬೇಡ). ಬಿಟ್ಟರೆ ಎಲ್ಲರೂ ಎಲ್ಲವನ್ನೂ ಮಸ್ಟ್‌ಗೇ ತುಂಬುತ್ತಾರೆ. ಒಟ್ಟು ಶ್ರಮದಲ್ಲಿ ಮಸ್ಟ್‌ನ ಪಾಲು ಶೇ 60 ಮೀರದಿರಲಿ ಎಂಬ, ಯೋಜನೆಗಳನ್ನು ನಡೆಸುವ ಡಿಎಸ್‌ಡಿಎಂ ಎಂಬ ಪದ್ಧತಿಯ ಸಲಹೆಯನ್ನು ನಾನು ಪಟ್ಟಾಗಿ ಹಿಡಿಯುತ್ತೇನೆ. ಪ್ರತಿ ಅಂಶಕ್ಕೂ "ಇದಿಲ್ಲದೆ ಮೊದಲ ದಿನ ಕೆಲಸ ಹೇಗೆ ನಡೆಸುತ್ತೀರಿ?" ಎಂದು ಕೇಳುತ್ತೇನೆ. "ಸದ್ಯಕ್ಕೆ ಎಕ್ಸೆಲ್‌ನಲ್ಲೇ ಮಾಡಿಕೊಳ್ಳುತ್ತೇವೆ" ಎಂಬ ಉತ್ತರ ಬಂದರೆ ಅದು ಶುಡ್.