ಪಿಕ್ ಲೈನ್ ಇದ್ದು ಜ್ವರ ಬಂದರೆ ಏನು ಮಾಡಬೇಕು?

ರಕ್ತದ ಕ್ಯಾನ್ಸರ್‌ಗೆ ಕೀಮೋ ಪಡೆಯುವ ಹಲವರಿಗೆ ತೋಳಿನಲ್ಲಿ ಪಿಕ್ ಲೈನ್ (ಔಷಧಿ ಕೊಡಲು ನರದೊಳಗೆ ಇಟ್ಟ ತೆಳು ಕೊಳವೆ) ಅಥವಾ ಎದೆಯಲ್ಲಿ ಪೋರ್ಟ್ (ಚರ್ಮದಡಿ ಇಟ್ಟ ಪುಟ್ಟ ಡಬ್ಬಿ, ಅದಕ್ಕೂ ಇಂಥದೇ ಕೊಳವೆ) ಇರುತ್ತದೆ. ಅದರ ಒಳತುದಿ ಇರುವುದು ಹೃದಯದ ಪಕ್ಕದ ದೊಡ್ಡ ರಕ್ತನಾಳದಲ್ಲಿ. ಬ್ಯಾಕ್ಟೀರಿಯಾ ಈ ದಾರಿ ಹಿಡಿದರೆ ನೇರ ರಕ್ತಕ್ಕೇ ಇಳಿಯುತ್ತದೆ.

ಮೊದಲು ಥರ್ಮಾಮೀಟರ್ ಇಡಿ. 101 ಡಿಗ್ರಿ ಫ್ಯಾರನ್‌ಹೀಟ್ ಒಂದೇ ಸಲ ತೋರಿಸಿದರೂ, 100.4 ಒಂದು ಗಂಟೆ ಹಾಗೇ ಇದ್ದರೂ ಆಸ್ಪತ್ರೆಗೆ ಹೊರಡಿ. ನಡುರಾತ್ರಿಯಾದರೂ ಸರಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡೋಣ ಅಂತ ಕೂರಬೇಡಿ. ಜ್ವರ ಇಳಿಯಬಹುದು, ಸೋಂಕು ಏರುತ್ತಲೇ ಇರುತ್ತದೆ. ಲೈನ್ ಫ್ಲಶ್ ಮಾಡಿದ (ಸಲೈನ್ ಹಾಯಿಸಿ ತೊಳೆದ) ಸ್ವಲ್ಪ ಹೊತ್ತಿಗೇ ಗಡಗಡ ನಡುಕ ಬಂದರಂತೂ ಅನುಮಾನ ಲೈನ್ ಮೇಲೆಯೇ.

ಲೈನ್ ಸುತ್ತ ಕೆಂಪಿಲ್ಲ, ಕೀವಿಲ್ಲ ಅಂತ ಸಮಾಧಾನ ಪಡಬೇಡಿ. ಕೀವು ಕಟ್ಟುವುದಕ್ಕೂ ಬಿಳಿ ರಕ್ತಕಣ ಬೇಕಲ್ವಾ? ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ) ಕೌಂಟ್ 500ಕ್ಕಿಂತ ಕೆಳಗೆ ಬಿದ್ದಾಗ ಚರ್ಮ ಚೆನ್ನಾಗಿಯೇ ಕಾಣಬಹುದು, ಒಳಗೆ ಸೋಂಕು ಇರಬಹುದು.

ಕ್ಯಾಶುವಾಲ್ಟಿಯಲ್ಲಿ ಮೊದಲ ಮಾತೇ ‘ಕೀಮೋ ನಡೀತಿದೆ, ಲೈನ್ ಇದೆ’ ಅಂತಿರಲಿ. ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು. ಅದಕ್ಕೂ ಮುಂಚೆ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ) ಎರಡು ಕಡೆಯಿಂದ ರಕ್ತ ತೆಗೆಯಬೇಕು: ಲೈನ್‌ನಿಂದ ಒಂದು, ಕೈಯ ನರದಿಂದ ಇನ್ನೊಂದು. ಎರಡನ್ನೂ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ. ಲೈನ್ ಇರುವಾಗ ಮತ್ತೆ ಚುಚ್ಚುವುದ್ಯಾಕೆ ಅಂತ ಮನೆಯವರು ತಡೆಯುವುದುಂಟು. ದಯವಿಟ್ಟು ತಡೆಯಬೇಡಿ. ಲೈನ್‌ನ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಕೈಯ ಬಾಟಲಿಗಿಂತ ಎರಡು ಗಂಟೆಯೋ ಇನ್ನೂ ಮುಂಚೆಯೋ ಬೆಳೆದು ಕಂಡರೆ, ಸೋಂಕಿನ ಮೂಲ ಲೈನೇ ಅನ್ನಲು ಅದು ಗಟ್ಟಿ ಸಾಕ್ಷಿ. ಎರಡನೇ ಸ್ಯಾಂಪಲ್ ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ?

ರಿಪೋರ್ಟ್‌ಗೆ ಕಾಯದೆ ಪಿಪರಾಸಿಲಿನ್-ಟಾಜೊಬ್ಯಾಕ್ಟಮ್, ಸೆಫೆಪೈಮ್ ಅಥವಾ ಮೆರೊಪೆನೆಮ್ ಎಂಬ ಆ್ಯಂಟಿಬಯೋಟಿಕ್ ಹಾಕುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಕ್ಲೆಬ್ಸಿಯೆಲ್ಲಾ, ಇ. ಕೋಲೈ ತರಹದ ಬ್ಯಾಕ್ಟೀರಿಯಾ ಔಷಧಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಆಯ್ಕೆ ಆಯಾ ಆಸ್ಪತ್ರೆಯ ಅನುಭವದ ಮೇಲೆ. ಲೈನ್ ಮೇಲೆ ಅನುಮಾನ ಜಾಸ್ತಿ ಇದ್ದರೆ, ಬಿಪಿ ಬಿದ್ದಿದ್ದರೆ ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಸೇರುತ್ತದೆ.

ಲೈನ್ ತೆಗೆಯಬೇಕಾ ಅನ್ನುವುದೇ ಕಷ್ಟದ ಪ್ರಶ್ನೆ. ಪ್ಲೇಟ್‌ಲೆಟ್ ಕಡಿಮೆ ಇದ್ದು ರಕ್ತಸ್ರಾವದ ಭಯ ಇರುತ್ತದೆ, ಕೈಯಲ್ಲಿ ನರ ಸಿಗುವುದಿಲ್ಲ. ಆದರೂ ಕಲ್ಚರ್‌ನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್, ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಅಥವಾ ಕ್ಯಾಂಡಿಡಾ ಬೂಷ್ಟು ಸಿಕ್ಕರೆ ಸಾಮಾನ್ಯವಾಗಿ ತೆಗೆಯುವುದೇ ಸರಿ. ಬಿಪಿ ಕುಸಿದರೂ, ಸರಿಯಾದ ಔಷಧಿ ಕೊಟ್ಟು ಮೂರು ದಿನವಾದರೂ ಕಲ್ಚರ್ ಪಾಸಿಟಿವ್ ಬರುತ್ತಿದ್ದರೂ ಅಷ್ಟೇ. ಚರ್ಮದ ಮೇಲಿರುವ ಸಾಧು ಜಾತಿಯ ಸ್ಟ್ಯಾಫ್ ಆದರೆ ಲೈನ್ ಉಳಿಸಲು ನೋಡಬಹುದು. ಆಗ ನರಕ್ಕೆ ಕೊಡುವ ಔಷಧಿಯ ಜೊತೆಗೆ, ಲೈನ್ ಒಳಗೂ ಗಾಢವಾದ ಆ್ಯಂಟಿಬಯೋಟಿಕ್ ತುಂಬಿ ಗಂಟೆಗಟ್ಟಲೆ ಮುಚ್ಚಿಡುತ್ತಾರೆ. ಇದಕ್ಕೆ ಲಾಕ್ ಅಂತಾರೆ.

ಔಷಧಿಯ ದಿನ ಎಣಿಸುವುದು ಕಲ್ಚರ್ ನೆಗೆಟಿವ್ ಬಂದ ದಿನದಿಂದ. ಕ್ಯಾಂಡಿಡಾಗೆ ಕನಿಷ್ಠ 14 ದಿನ, ಕಣ್ಣಿನ ಪರೀಕ್ಷೆಯೂ ಬೇಕು. ಆರಿಯಸ್‌ಗೆ 4ರಿಂದ 6 ವಾರವೂ ಆಗಬಹುದು, ಹೃದಯದ ಎಕೋ ಮಾಡಿಸುತ್ತಾರೆ. ರಕ್ತ ಶುದ್ಧವಾಗಿದೆ ಅಂತ ಖಾತ್ರಿಯಾದ ಮೇಲೆಯೇ ಹೊಸ ಲೈನ್. ಅಲ್ಲಿಯವರೆಗೆ ಕೈಯ ನರದಲ್ಲೇ ಸುಧಾರಿಸಬೇಕು.