ಶಾಲೆ ಗೇಟಿನಿಂದ ಗೋಬಿ ಗಾಡಿಗಳನ್ನು ಸರಿಸಿದ್ದು: ನನ್ನ ಅನುಭವ

ನಮ್ಮ ಊರಿನ ಸ್ಕೂಲ್ ರಸ್ತೆಯಿಂದ ಗೋಬಿ, ನೂಡಲ್ಸ್, ಎಗ್‌ರೈಸ್ ಗಾಡಿಗಳು ಹೋಗಿ ಒಂದು ವರ್ಷದ ಮೇಲಾಯಿತು. ಒಂದು ಗಾಡಿಯೂ ಗೇಟಿಗೆ ವಾಪಸ್ ಬಂದಿಲ್ಲ. ಪೊಲೀಸರು ಬರಲಿಲ್ಲ, ಜೆಸಿಬಿ ಬರಲಿಲ್ಲ, ಯಾರ ತಕ್ಕಡಿಯನ್ನೂ ಕಿತ್ತುಕೊಳ್ಳಲಿಲ್ಲ. ಇದನ್ನು ಮುಂದೆ ನಿಂತು ಮಾಡಿಸಿದ್ದು ಅಧಿಕಾರಿಗಳಲ್ಲ, ನಾನು. ನನ್ನದೂ ಗೋಬಿ ಗಾಡಿಯೇ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಕಡೆಯಿಂದ ಸದಸ್ಯ. "ನಮ್ಮ ಹೊಟ್ಟೆ ಮೇಲೆ ನೀನೇ ಹೊಡೀತೀಯಲ್ಲಯ್ಯಾ" ಅಂದವರು ಈಗ ಬೇರೆ ಊರಿನ ನೆಂಟರಿಗೆ ನನ್ನ ನಂಬರ್ ಕೊಟ್ಟು ಕಳಿಸುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

50 ಮೀಟರ್ ನಿಯಮ ನಿಮಗೆಲ್ಲ ಗೊತ್ತಿರುವುದೇ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, 2020ರಲ್ಲಿ ತಂದದ್ದು. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯೊಳಗೆ ಮಾರುವ ಹಾಗಿಲ್ಲ. ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗೆ ಶಾಲೆ ಮಕ್ಕಳಿಗೆ ಮಾರುವ ಹಾಗಿಲ್ಲ. ಆದರೆ ನಮ್ಮ ಊರಿನಲ್ಲಿ ಇದು ಜೂನ್ ತಿಂಗಳ ಹಬ್ಬ ಆಗಿಹೋಗಿತ್ತು. ಶಾಲೆ ಶುರುವಾದ ವಾರ ಟ್ರ್ಯಾಕ್ಟರ್ ಬರುತ್ತಿತ್ತು, ನಾಲ್ಕು ಗಾಡಿ ಎತ್ತಿಕೊಂಡು ಹೋಗುತ್ತಿದ್ದರು, ಫೋಟೋ ಪೇಪರಿನಲ್ಲಿ ಬರುತ್ತಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಎಲ್ಲರೂ ಅದೇ ಜಾಗದಲ್ಲಿ ಬಾಣಲೆ ಇಟ್ಟಿರುತ್ತಿದ್ದರು. ದಂಡ 500 ರೂಪಾಯಿ. ವರ್ಷಕ್ಕೆ ಎರಡು ಮೂರು ಸಲ ಕಟ್ಟಿದರೂ ಆ ಜಾಗದ ಬಾಡಿಗೆಗಿಂತ ಅಗ್ಗ. ನಾವೆಲ್ಲ ಅದನ್ನು ಹಾಗೇ ಲೆಕ್ಕ ಹಾಕುತ್ತಿದ್ದೆವು.

ಆ ರಸ್ತೆಯಲ್ಲಿ ಮೂರು ಶಾಲೆ. ಸಂಜೆ ಹೊತ್ತಿಗೆ ಇಪ್ಪತ್ತು ಇಪ್ಪತ್ತೆರಡು ಗಾಡಿ.

ಮೊದಲು ಬೋರ್ಡ್ ಹಾಕಿದರು, 'ವ್ಯಾಪಾರ ನಿಷೇಧಿತ ವಲಯ' ಅಂತ. ಗಾಡಿಗಳು 60 ಮೀಟರಿಗೆ ಹೋದವು. ಮಕ್ಕಳು ಹತ್ತು ಮೀಟರ್ ಜಾಸ್ತಿ ನಡೆದರು, ಅಷ್ಟೇ. ಆಮೇಲೆ ಬಸ್ ಸ್ಟ್ಯಾಂಡ್ ಹಿಂದೆ ಒಂದು ಜಾಗ ತೋರಿಸಿದರು. ಲೈಟಿಲ್ಲ, ನೀರಿಲ್ಲ, ಪಕ್ಕದಲ್ಲೇ ಶೌಚಾಲಯದ ಗೋಡೆ. ಅಲ್ಲಿ ತಿನ್ನೋಕೆ ಯಾರು ಬರುತ್ತಾರೆ? ಸ್ಕೂಲ್ ರಸ್ತೆಯಲ್ಲಿ ನನಗೆ ದಿನಕ್ಕೆ ಎರಡೂವರೆ ಮೂರು ಸಾವಿರದ ವ್ಯಾಪಾರ ಇತ್ತು. ಅಲ್ಲಿ ಏಳುನೂರು ದಾಟಲಿಲ್ಲ. ಗ್ಯಾಸು, ಎಣ್ಣೆ, ಹುಡುಗನ ಸಂಬಳ ಕಳೆದರೆ ಕೈಯಿಂದಲೇ ಹೋಗುತ್ತಿತ್ತು. ಒಂದು ವಾರಕ್ಕೆ ಎಲ್ಲರೂ ವಾಪಸ್. ಮೊದಲು ವಾಪಸ್ ಬಂದವನಿಗೆ ಆ ವಾರ ಭರ್ಜರಿ ವ್ಯಾಪಾರ, ಅದೇ ಎಲ್ಲವನ್ನೂ ಕೆಡಿಸಿತು. ಒಬ್ಬ ಹೋದ ಅಂತ ಗೊತ್ತಾದರೆ ಇನ್ನೊಬ್ಬ ನಿಲ್ಲುವುದಿಲ್ಲ.

ಅಲ್ಲಿಗೆ ನಾನು ಒಂದು ನೋಟ್‌ಬುಕ್ ಇಟ್ಟೆ. ಯಾರು ತಿಂದರು, ಎಷ್ಟು ಹೊತ್ತಿಗೆ, ಎಷ್ಟು ಕೊಟ್ಟರು, ಇಷ್ಟೇ ಬರೆಯೋದು. ನನ್ನ ಗಾಡಿ ಮತ್ತು ಅಕ್ಕಪಕ್ಕದ ಇನ್ನೆರಡು ಗಾಡಿ. ಎರಡು ತಿಂಗಳ ಹತ್ತಿರ ಬರೆದೆ. ನಾವೆಲ್ಲ ಮಕ್ಕಳಿಂದಲೇ ನಮ್ಮ ಹೊಟ್ಟೆ ತುಂಬುತ್ತಿದೆ ಅಂದುಕೊಂಡಿದ್ದೆವು. ಮೂರೂವರೆಯಿಂದ ಐದರವರೆಗೆ ಜಾತ್ರೆ ಥರ ನೂಕುನುಗ್ಗಲು, ನಿಜ. ಆದರೆ ಮಕ್ಕಳು ತಿನ್ನುವುದು 10, 20 ರೂಪಾಯಿಯ ಚಿಕ್ಕ ಪ್ಲೇಟು. ದುಡ್ಡಿನಲ್ಲಿ ನೋಡಿದರೆ ದಿನದ ವ್ಯಾಪಾರದ ಕಾಲು ಭಾಗವೂ ಬರಲಿಲ್ಲ. ಆರೂವರೆ ಮೇಲೆ ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ರೂಮ್ ಮಾಡಿಕೊಂಡಿರುವ ಹುಡುಗರು, ಪಾರ್ಸೆಲ್ ಕಟ್ಟಿಸುವ ಮನೆಯವರು, ಇವರೇ ನಮಗೆ ಅನ್ನ ಹಾಕುವವರು.

ಆ ನೋಟ್‌ಬುಕ್ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ನೀವು ಮಾಡುವುದಾದರೆ ಇಲ್ಲಿಂದಲೇ ಶುರು ಮಾಡಿ. ಮಕ್ಕಳ ಆರೋಗ್ಯ ಅಂತ ಭಾಷಣ ಮಾಡಿದರೆ ಗಾಡಿಯವರು ತಲೆ ಅಲ್ಲಾಡಿಸಿ ಎದ್ದು ಹೋಗುತ್ತಾರೆ. ಅವರದೇ ಗಲ್ಲಾಪೆಟ್ಟಿಗೆ ಲೆಕ್ಕ ತೋರಿಸಿದರೆ ಕೂರುತ್ತಾರೆ.

ಇನ್ನೊಂದು ಹಿಡಿತ ಕಾನೂನಿನಲ್ಲೇ ಇತ್ತು. ನಿಯಮದಲ್ಲಿ ಇರುವುದು 'ಶಾಲೆ ಮಕ್ಕಳಿಗೆ' ಮಾರಬಾರದು ಅಂತ. ರಾತ್ರಿ ಎಂಟಕ್ಕೆ ಆ ರಸ್ತೆಯಲ್ಲಿ ಯಾವ ಶಾಲೆ ಮಕ್ಕಳು ಇರುತ್ತಾರೆ? 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಮೂರು ಥರದ ವಲಯ ಇವೆ: ತಡೆ ಇಲ್ಲದ್ದು, ಕೆಲವು ಷರತ್ತು ಇರುವುದು, ಪೂರ್ತಿ ನಿಷೇಧ. ಎಲ್ಲ ಪುರಸಭೆಗಳೂ ಮೊದಲನೆಯದು, ಮೂರನೆಯದು ಹಿಡಿದುಕೊಂಡು ಜಗಳ ಆಡುತ್ತವೆ. ನಡುವಿನದನ್ನು ಯಾರೂ ಮುಟ್ಟಲ್ಲ. ನಾನು ಅದನ್ನೇ ಹಿಡಿದೆ. ಗೇಟಿನಿಂದ 50 ಮೀಟರ್ ಒಳಗೆ ಕರಿದ ತಿಂಡಿಯ ಗಾಡಿ ಯಾವತ್ತೂ ಬೇಡ. ಅಲ್ಲಿಂದ ಸರ್ಕಲ್‌ವರೆಗೆ ಸಂಜೆ ಆರರ ಮೇಲೆ ಮಾತ್ರ. ಮಧ್ಯಾಹ್ನದಿಂದಲೇ ಬಾಣಲೆ ಇಡಬೇಕು ಅನ್ನುವವರಿಗೆ ಸಂತೆ ಮೈದಾನದ ಪಕ್ಕದ ರಸ್ತೆ.

ಸಭೆಯಲ್ಲಿ ಇದನ್ನು ಇಟ್ಟಾಗ ಎರಡೂ ಕಡೆಯಿಂದ ಬೈಸಿಕೊಂಡೆ. ಹೆಡ್‌ಮಿಸ್ ಮೇಡಂ, "ಆರರ ಮೇಲೆ ಟ್ಯೂಷನ್ ಮಕ್ಕಳು ಬರಲ್ವಾ?" ಅಂದರು. ನಮ್ಮವರು, "ಬೀಡಿ ಅಂಗಡಿಗೆ 100 ಗಜ ಅಂತ ಕಾನೂನಿದೆ, ಅದನ್ನು ಮೊದಲು ಎತ್ತಿಸಿ ತೋರಿಸಣ್ಣ" ಅಂದರು. ಎರಡೂ ನ್ಯಾಯವಾದ ಮಾತೇ. ಒಬ್ಬ ಕೌನ್ಸಿಲರ್ ಮಗ ಓದಿಕೊಂಡವನು, ಅಮೆರಿಕದ ಉದಾಹರಣೆ ತಂದ. ಲಾಸ್ ಏಂಜಲೀಸ್ ನಗರದ ದಕ್ಷಿಣ ಭಾಗದಲ್ಲಿ 2008ರಲ್ಲಿ ಸುಮಾರು 32 ಚದರ ಮೈಲಿ ಜಾಗಕ್ಕೆ ಹೊಸ ಫಾಸ್ಟ್‌ಫುಡ್ ಅಂಗಡಿ ಬೇಡ ಅಂತ ತಂದಿದ್ದರಂತೆ. 2015ರಲ್ಲಿ ರ‍್ಯಾಂಡ್ ಅನ್ನುವ ಸಂಸ್ಥೆಯವರು ನೋಡಿದರೆ ಅಲ್ಲಿ ಬೊಜ್ಜು ಇಳಿದೇ ಇರಲಿಲ್ಲ, ಏರಿತ್ತು. "ಅಲ್ಲೇ ಆಗಲಿಲ್ಲ, ಇಲ್ಲಿ ಆಗುತ್ತಾ?" ಅಂತ ಕೇಳಿದ. ನಾನು ಮನೆಗೆ ಹೋಗಿ ಮಗಳ ಹತ್ತಿರ ಓದಿಸಿದೆ. ಅವರು ತಡೆದದ್ದು ಹೊಸದಾಗಿ ತೆರೆಯುವ, ಒಂಟಿಯಾಗಿ ನಿಲ್ಲುವ ಅಂಗಡಿಗಳನ್ನು ಮಾತ್ರ. ಇದ್ದವು ಇದ್ದ ಹಾಗೇ ಇದ್ದವು. ಮಾಲ್ ಒಳಗೆ ತೆರೆಯುವುದಕ್ಕೆ ಅಡ್ಡಿ ಇರಲಿಲ್ಲ. ಹಾಗಿದ್ದ ಮೇಲೆ ಏನು ಬದಲಾಗಬೇಕು? ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 2015ರಿಂದ ಹೊಸ ಟೇಕ್‌ಅವೇ ಅಂಗಡಿಗೆ ಬಿಗಿ ನಿಯಮ ತಂದರು, ಅಲ್ಲಿ ಅಂಗಡಿಗಳು ಕಡಿಮೆಯಾದವು. ಮುಂದಿನ ಸಭೆಯಲ್ಲಿ ಎರಡನ್ನೂ ಹೇಳಿದೆ. ಆ ಹುಡುಗ ಸುಮ್ಮನಾದ. ಈಗ ನಮ್ಮ ನಕ್ಷೆ ಬರೆದುಕೊಟ್ಟವನೂ ಅವನೇ.

ಅಳತೆಯ ಜಗಳ ಬೇರೆ. 50 ಮೀಟರ್ ಎಲ್ಲಿಂದ? ಒಂದು ಶಾಲೆಗೆ ಹಿಂದೊಂದು ಗೇಟ್ ಇದೆ, ವಾರಕ್ಕೊಮ್ಮೆ ತೆಗೆಯುತ್ತಾರೆ. ಅದು ಲೆಕ್ಕಕ್ಕೆ ಬರುತ್ತಾ? ಬರುತ್ತೆ ಅಂತ ನಾನೇ ಹೇಳಿದೆ, ನನ್ನ ತಮ್ಮನ ಗಾಡಿ ಅಲ್ಲೇ ಇದ್ದರೂ. ಅದಾದ ಮೇಲೆ ಯಾರೂ ನನ್ನನ್ನು ಪಕ್ಷಪಾತಿ ಅನ್ನಲಿಲ್ಲ. ಅಳೆಯುವಾಗ ಅಧಿಕಾರಿಗಳ ಕೈಗೆ ಟೇಪ್ ಕೊಡಬೇಡಿ. ಒಂದು ತುದಿ ಗಾಡಿಯವರು, ಇನ್ನೊಂದು ತುದಿ ಶಾಲೆಯವರು ಹಿಡಿಯಲಿ. ಸುಣ್ಣದ ಗೆರೆ ಮಳೆಗೆ ಹೋಗುತ್ತೆ, ಹಳದಿ ಆಯಿಲ್ ಪೇಂಟ್ ಹಾಕಿಸಿ. ನಮಗೆ ಪೇಂಟು, ಕೂಲಿ ಸೇರಿ ಎರಡು ಸಾವಿರ ಚಿಲ್ಲರೆ ಆಯಿತು.

ಗೆರೆಯೊಳಗೆ ಯಾರು ಇರಬಹುದು ಅನ್ನುವುದೂ ಬಂತು. ಬೇಯಿಸಿದ ಕಡಲೆಕಾಯಿ, ಹಣ್ಣು, ಸೌತೆಕಾಯಿ ಗಾಡಿ ಇರಲಿ ಅಂದೆವು. ನೆಲ್ಲಿಕಾಯಿ ಮಾರುವ ಒಬ್ಬ ಅಜ್ಜಿ ಇದ್ದಾರೆ, ಉಪ್ಪುಕಾರ ಹಚ್ಚಿ ಕೊಡುತ್ತಾರೆ. ಉಪ್ಪು ಜಾಸ್ತಿ ಅಲ್ವಾ ಅಂತ ಒಬ್ಬರು ತಕರಾರು ತೆಗೆದರು. ಆ ಅಜ್ಜಿಯನ್ನು ಎಬ್ಬಿಸುವುದಾದರೆ ನಾನು ಸಮಿತಿಗೇ ಬರಲ್ಲ ಅಂದೆ. ಅಜ್ಜಿ ಇನ್ನೂ ಅಲ್ಲೇ ಇದ್ದಾರೆ.

ಈಗ ದುಡ್ಡಿನ ವಿಷಯ. ಸಂತೆ ಮೈದಾನದ ರಸ್ತೆ ಆರು ದಿನ ಖಾಲಿ. ಲೈಟು, ನೀರು ಬರುವ ತನಕ ಒಬ್ಬರೂ ಗಾಡಿ ಅಲ್ಲಾಡಿಸಬೇಡಿ ಅಂತ ನಮ್ಮವರಿಗೆ ನಾನೇ ಹೇಳಿದ್ದೆ. ಕಂಬ ಪುರಸಭೆಯವರು ಹಾಕಿದರು, ಅದಕ್ಕೆ ಓಡಾಡಿದ ಚಪ್ಪಲಿ ಲೆಕ್ಕ ಬೇಡ. ವೈರಿಂಗ್, ಎಲ್‌ಇಡಿಗೆ ಹದಿನೆಂಟು ಇಪ್ಪತ್ತು ಸಾವಿರ. ಸಾವಿರ ಲೀಟರ್ ಸಿಂಟೆಕ್ಸು, ಸ್ಟ್ಯಾಂಡು, ನಲ್ಲಿ ಸೇರಿ ಹನ್ನೆರಡರ ಹತ್ತಿರ. ಕಸದ ಡ್ರಮ್ಮು, ಬೆಂಚು, ಗ್ರೀಸ್ ಹಿಡಿಯುವ ಗುಂಡಿ, ಎಲ್ಲ ಸೇರಿ ಅರವತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಒಂದೊಂದು ಗಾಡಿಗೆ ಎರಡೂವರೆ ಸಾವಿರ ಹಾಕಿದೆವು. ಇಲ್ಲದವರು ಚೀಟಿ ಫಂಡಿನ ದುಡ್ಡು ಎತ್ತಿದರು. ಕೆಲವರು ಬೀದಿ ವ್ಯಾಪಾರಿಗಳಿಗೆ ಕೊಡುವ ಪಿಎಂ ಸ್ವನಿಧಿ ಸಾಲದ ಮೊದಲ 10,000 ತೀರಿಸಿದ್ದರು, 20,000ದ ಎರಡನೇ ಸಾಲ ತೆಗೆದರು. ತೀರಿಸದವರಿಗೆ ಬ್ಯಾಂಕಿನಲ್ಲಿ ಮಾತೇ ಆಡಿಸಲಿಲ್ಲ. ನಿಮ್ಮವರ ಸಾಲದ ಪುಸ್ತಕ ಮೊದಲೇ ನೋಡಿಕೊಳ್ಳಿ.

ಎಲ್ಲರೂ ಒಂದೇ ದಿನ ಹೋಗಬೇಕು. ಇದರಲ್ಲಿ ಮಾತ್ರ ಸಡಿಲ ಬಿಡಬೇಡಿ. ನಾವು ದಸರಾ ರಜೆ ನೋಡಿಕೊಂಡು ಹೋದೆವು, ಶಾಲೆ ತೆಗೆಯುವಷ್ಟರಲ್ಲಿ ಗಿರಾಕಿಗಳಿಗೆ ಹೊಸ ಜಾಗ ಗೊತ್ತಾಗಿತ್ತು. ಜಾಗ ಹಂಚಿದ್ದು ಚೀಟಿ ಎತ್ತಿ. ಮೂಲೆಯ ಎರಡು ಒಳ್ಳೆಯ ಜಾಗಕ್ಕೆ ಮಾತ್ರ ಬೇರೆ ಉಪಾಯ ಮಾಡಿದೆ. ಅದನ್ನು ಇಲ್ಲಿ ಬರೆಯಲ್ಲ, ಬರೆದರೆ ನಮ್ಮವರೇ ಓದಿ ಮುಂದಿನ ಸಲಕ್ಕೆ ಹುಷಾರಾಗುತ್ತಾರೆ.

ಮೊದಲ ತಿಂಗಳು ನನಗೆ ದಿನಕ್ಕೆ ಸಾವಿರದ ಐನೂರು. ಹೆಂಡತಿ ಮಾತು ಬಿಟ್ಟಿದ್ದಳು. ಮೂರನೇ ತಿಂಗಳಿಗೆ ಎರಡೂವರೆ ಮುಟ್ಟಿತು. ಈಗ ಭಾನುವಾರ ನಾಲ್ಕು ಸಾವಿರ ದಾಟುತ್ತದೆ. ಎಲ್ಲರಿಗೂ ಹೀಗಾಗಿಲ್ಲ ಅನ್ನುವುದನ್ನೂ ಹೇಳಬೇಕು. ಬರೀ ಮಕ್ಕಳನ್ನು ನಂಬಿದ್ದ ಕಾಟನ್ ಕ್ಯಾಂಡಿಯವರು, ಬಣ್ಣದ ಐಸ್ ಗೋಲಾದವರು ಕೈ ಸುಟ್ಟುಕೊಂಡರು. ಒಬ್ಬರು ಈಗ ಸ್ವೀಟ್‌ಕಾರ್ನ್ ಮಾಡುತ್ತಾರೆ. ಇನ್ನೊಬ್ಬರು ಆಟೋ ಓಡಿಸುತ್ತಾರೆ.

ಬಣ್ಣ ಅಂದಾಗ ನೆನಪಾಯಿತು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ನಿಷೇಧ ಮಾಡಿತಲ್ಲ, 171 ಸ್ಯಾಂಪಲ್‌ನಲ್ಲಿ 107 ಕೆಟ್ಟದ್ದು ಅಂತ ಬಂತಲ್ಲ, ಆಗ ನಮ್ಮ ವ್ಯಾಪಾರ ಅರ್ಧಕ್ಕೆ ಬಿದ್ದಿತ್ತು. ಬಣ್ಣ ಬಿಟ್ಟು ಮಾಡಿದರೆ ಗಿರಾಕಿ "ಇದೇನು ಬೋಂಡಾನಾ?" ಅಂತ ಕೇಳುತ್ತಿದ್ದ. ಬೀಟ್‌ರೂಟ್ ಹಾಕಿ ನೋಡಿದೆ, ಎಣ್ಣೆಗೆ ಬಿದ್ದರೆ ಕಂದು. ಟೊಮೆಟೊ ಪುಡಿ ಹಾಕಿದೆ, ಹುಳಿ ಹೊಡೆಯಿತು. ಕೊನೆಗೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಸರಿ ಹೋಯಿತು. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ, ಅದು ನನ್ನ ಹೊಟ್ಟೆಪಾಡು, ಕೇಳಬೇಡಿ. ರಾಗಿ ನೂಡಲ್ಸ್ ಅಂತಲೂ ಒಂದು ಹುಚ್ಚು ಹಿಡಿದಿತ್ತು. ದೊಡ್ಡ ಬೆಂಕಿಗೆ ಹಾಕಿ ಎತ್ತಿದರೆ ಪುಡಿಪುಡಿ. ಒಂದೂವರೆ ಸಾವಿರದ ಮಾಲು ಹಸುವಿಗೆ ಹಾಕಿದೆ. ಆ ಹಸು ಮಾತ್ರ ದಿನಾ ಗಾಡಿ ಹತ್ತಿರ ಬರುತ್ತೆ.

ಮಕ್ಕಳು ಗೋಬಿ ತಿನ್ನುವುದು ಬಿಟ್ಟರಾ? ಪೂರ್ತಿ ಬಿಟ್ಟಿಲ್ಲ. ಅಪ್ಪ ಅಮ್ಮನ ಜೊತೆ ಸಂತೆ ಮೈದಾನಕ್ಕೆ ಬರುತ್ತಾರೆ, ವಾರಕ್ಕೊಮ್ಮೆ. ಶಾಲೆ ಬಿಟ್ಟ ಕೂಡಲೇ ಹಸಿವಿನಲ್ಲಿ ನುಗ್ಗುವುದು ನಿಂತಿದೆ. ನನಗೆ ಅಷ್ಟು ಸಾಕು. ಮೇಡಂ ಇನ್ನೂ ಜಾಸ್ತಿ ಕೇಳುತ್ತಾರೆ, ಅದು ಅವರ ಕೆಲಸ.

ಆದರೆ ನಾವು ಹೋದ ಆರು ತಿಂಗಳಿಗೆ ಅದೇ ರಸ್ತೆಯಲ್ಲಿ ಗಾಜಿನ ಬಾಗಿಲಿನ ಒಂದು ಪಿಜ್ಜಾ, ಬರ್ಗರ್ ಅಂಗಡಿ ತೆರೆದರು. ಗೇಟಿನಿಂದ 30 ಮೀಟರ್ ಇರಬಹುದು. ಯೂನಿಫಾರಂ ಹಾಕಿಕೊಂಡ ಮಕ್ಕಳಿಗೇ ಆಫರ್. ನಮ್ಮ ಗಾಡಿಯವರಿಗೆ ಹೊಟ್ಟೆ ಉರಿಯದೆ ಇರುತ್ತಾ? 50 ಮೀಟರ್ ನಿಯಮದಲ್ಲಿ ಚಕ್ರ ಇರುವುದಕ್ಕೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಕೈ ಕಟ್ಟಡದೊಳಗೆ ಹೋಗುವುದಿಲ್ಲ, ಅದು ನನಗೂ ಗೊತ್ತು. ಉದ್ದಿಮೆ ಪರವಾನಗಿ ಕೊಡುವವರು ಪುರಸಭೆಯವರು, ರಸ್ತೆಯಲ್ಲಿ ಎಂಥ ಅಂಗಡಿ ಬರಬಹುದು ಅನ್ನುವುದು ಮಾಸ್ಟರ್ ಪ್ಲಾನ್ ವಲಯ ನಿಯಮದಲ್ಲಿ ಬರಬೇಕು. ವಲಯ ಮಾಡಿ ಫಾಸ್ಟ್‌ಫುಡ್ ತಡೆಯಬೇಕಾ ಅಂತ ನನ್ನನ್ನು ಕೇಳಿದರೆ, ಹೂಂ, ತಡೆಯಿರಿ ಅನ್ನುತ್ತೇನೆ. ಗಾಡಿಗೊಂದು, ಗಾಜಿನ ಬಾಗಿಲಿಗೊಂದು ಅಳತೆ ಬೇಡ.

ಅದಕ್ಕೆ ಈಗ ಎರಡು ಅರ್ಜಿ ಹಾಕಿದ್ದೇವೆ. ಒಂದು ಆಹಾರ ಸುರಕ್ಷತಾ ಅಧಿಕಾರಿಗೆ, ಗೆರೆಯ ನಕ್ಷೆ, ಆಫರ್ ಚೀಟಿ ಲಗತ್ತಿಸಿ. ಇನ್ನೊಂದು ಮುಖ್ಯಾಧಿಕಾರಿಗಳಿಗೆ: ಮಾರ್ಚ್ 31ರೊಳಗೆ ಪರವಾನಗಿ ನವೀಕರಣಕ್ಕೆ ಬರುವಾಗ, ಗೆರೆಯೊಳಗಿನ ಅಂಗಡಿಗಳಿಗೆ ಶಾಲೆ ಬಿಡುವ ಹೊತ್ತಿನಲ್ಲಿ ಮಕ್ಕಳಿಗೆ ಮಾರಬಾರದು ಅನ್ನುವ ಷರತ್ತು ಸೇರಿಸಿ ಅಂತ. ಸಹಿ ಹಾಕಿದವರಲ್ಲಿ ಗಾಡಿಯವರೇ ಜಾಸ್ತಿ, ಮೇಡಂ ಸಹಿಯೂ ಇದೆ. ಬೇರೆ ಊರಿನಲ್ಲಿ ಯಾರಾದರೂ ಇಂಥ ಷರತ್ತು ಹಾಕಿಸಿದ್ದರೆ ಅದರ ಪ್ರತಿ ಕಳಿಸಿ, ನಮ್ಮ ಅರ್ಜಿಗೆ ಜೋಡಿಸಬೇಕು.